ಬ್ರೆಡ್ಡಿನ ತಾರೀಕು

ನೂರ ಇಪ್ಪತ್ತು ಬ್ರೆಡ್ಡಿಗೂ ಸ್ಟಿಕ್ಕರ್ ಅಂಟಿಸಿ, ಸೊಂಟಕ್ಕೆ ಕೈ ಕೊಟ್ಟು ನಿಂತ ಮೇಲೆಯೇ ಅವಳು ಅದರಲ್ಲಿ ಏನಿದೆ ಅಂತ ಓದಿದ್ದು. ತಯಾರಿಸಿದ್ದು ಹನ್ನೊಂದನೇ ತಾರೀಕು. ಹನ್ನೆರಡರೊಳಗೆ ಬಳಸಬೇಕು. ಗೋಡೆಯ ಕ್ಯಾಲೆಂಡರಿನಲ್ಲಿ ಇವತ್ತು ಹದಿಮೂರು. ಬ್ರೆಡ್ಡು ಓವನ್ನಿನಿಂದ ಇಳಿದು ಇನ್ನೂ ಗಂಟೆಯಾಗಿರಲಿಲ್ಲ, ಕಾಗದದ ಚೀಲ ಮುಟ್ಟಿದರೆ ಕೈ ಬೆಚ್ಚಗಾಗುತ್ತಿತ್ತು.

"ಅಯ್ಯೋ ದೇವರೇ! ಭಾವಾ, ಇಲ್ಲಿ ಬನ್ನಿ!"

ಭಾವ ಅಂದರೆ ಅವಳ ಅಕ್ಕನ ಗಂಡ, ಈ ಸೂಪರ್ ಮಾರ್ಕೆಟ್ಟಿಗೆ ಬ್ರೆಡ್ಡು ಮಾಡುವವನು. ಅವಳಿಗೆ ಈ ಕೆಲಸ ಕೊಡಿಸಿದ್ದೂ ಅವನೇ, ದಿನಕ್ಕೆರಡು ಸಲ ಅದನ್ನು ನೆನಪಿಸುವುದೂ ಅವನೇ. ಮೊಣಕೈವರೆಗೆ ಮೆತ್ತಿದ ಹಿಟ್ಟಿನೊಂದಿಗೇ ಬಂದು ಓದಿದ. "ಹನ್ನೊಂದನೇ ತಾರೀಕು ನಾನು ಮನೇಲಿ ಕಂಬಳಿ ಹೊದ್ದು ಮಲಗಿದ್ದೆ ಕಣೇ! ನಿಮ್ಮಕ್ಕನ್ನೇ ಕೇಳು. ಇದನ್ನ ಯಾವ ದೆವ್ವ ಬಂದು ಬೇಯಿಸ್ತು?"

ದೆವ್ವವೂ ಇಲ್ಲ, ಭೂತವೂ ಇಲ್ಲ. ಸ್ಟಿಕ್ಕರ್ ಮೆಷಿನ್ನು ಓಬೀರಾಯನ ಕಾಲದ್ದು. ಅದರ ತಾರೀಕು ತಾನಾಗಿ ಮುಂದೆ ಹೋಗುವುದಿಲ್ಲ, ದಿನಾ ಬೆಳಿಗ್ಗೆ ಒಂದು ಸಲ ಗುಂಡಿ ಒತ್ತಬೇಕು. ಗೋಡೆಗೆ ಬಣ್ಣ ಬಳಿಸಲು ಅಂಗಡಿಗೆ ಎರಡು ದಿನ ಬೀಗ ಹಾಕಿದ್ದರು. ಇವತ್ತು ಮೂರು ಸಲ ಒತ್ತಬೇಕಿತ್ತು. ರೂಢಿಬಿದ್ದ ಅವಳ ಕೈ ಒಂದೇ ಸಲ ಒತ್ತಿ ಸುಮ್ಮನಾಗಿತ್ತು.

"ಸರಿ, ಚೀಲ ಬದಲಾಯಿಸು. ಇಬ್ಬರೂ ಸೇರಿದರೆ ಅರ್ಧ ಗಂಟೆ ಕೆಲಸ. ಯಾರಪ್ಪನ ಗಂಟೇನು ಹೋಗುತ್ತೆ?" ಅಂದ ಭಾವ.

ಅವಳು ಒಂದು ಚೀಲ ಬಿಚ್ಚಿಯೂ ಬಿಟ್ಟಳು. ಅಷ್ಟರಲ್ಲಿ ಮೀನಿನ ವಿಭಾಗದವನ ನೆನಪಾಗಿ ಕೈ ನಿಂತಿತು. ಹೋದ ವರ್ಷ ಅವನು ಹಳೇ ಮೀನಿಗೆ ಹೊಸ ಸ್ಟಿಕ್ಕರ್ ಅಂಟಿಸಿ, ತಿಂದವರು ಆಸ್ಪತ್ರೆ ಸೇರಿ, ಅವನು ಮನೆ ಸೇರಿದ್ದ. ಅಂದಿನಿಂದ ಒಂದು ಸಲ ಮುಚ್ಚಿದ ಪ್ಯಾಕೆಟ್ಟನ್ನು ಬಿಚ್ಚಿ ಮತ್ತೆ ಅಂಟಿಸಿದರೆ ಕೆಲಸದಿಂದ ತೆಗೆಯುತ್ತಾರೆ. ಸೂರಿನ ಮೂಲೆಯಿಂದ ಕ್ಯಾಮೆರಾ ಬೇರೆ ನೋಡುತ್ತಿತ್ತು. ಆದರೆ ಇದು ಮೀನಲ್ಲವಲ್ಲ, ಹೊಸ ಬ್ರೆಡ್ಡಿಗೆ ಹಳೇ ಸ್ಟಿಕ್ಕರು. ನಿಜ ಹೇಳಿದರೆ ಮೇಡಂ ಒಪ್ಪದೇ ಇರುತ್ತಾರೆಯೇ? ಒಪ್ಪಿದರೆ ಬ್ರೆಡ್ಡೂ ಉಳಿಯುತ್ತೆ, ಕೆಲಸವೂ ಉಳಿಯುತ್ತೆ. ಕೇಳಿಯೇ ಬಿಡೋಣ ಅಂತ ಸೆರಗು ಸಿಕ್ಕಿಸಿಕೊಂಡು ಹೊರಟಳು. "ಹೋಗು, ಹೋಗು. ಸತ್ಯಹರಿಶ್ಚಂದ್ರನ ತಂಗಿ ನೀನು" ಅಂತ ಭಾವ ಹಿಂದಿನಿಂದ ಗೊಣಗಿದ.

ಮ್ಯಾನೇಜರ್ ಮೇಡಂ ಅವಳಿಗಿಂತ ಹತ್ತು ವರ್ಷ ಚಿಕ್ಕವಳು, ಕೆಟ್ಟವಳೇನಲ್ಲ. ಬಂದು, ಕೇಳಿ, ಒಂದು ಬ್ರೆಡ್ಡನ್ನು ಎರಡೂ ಕೈಯಲ್ಲಿ ಹಿಡಿದಳು. ಸ್ಟಿಕ್ಕರ್ ನೋಡಿದಳು. ಮತ್ತೆ ಬ್ರೆಡ್ಡು ಒತ್ತಿ ನೋಡಿದಳು.

"ಬಿಸಿ ಇದೆಯಲ್ರೀ!"

"ಅದನ್ನೇ ಹೇಳ್ತಾ ಇರೋದು, ಮೇಡಂ. ಮೊನ್ನೆ ಅಂಗಡಿಗೆ ಬೀಗ, ಓವನ್ ತಣ್ಣಗಿತ್ತು. ಇದು ಇವತ್ತಿಂದೇ."

"ನನಗೆ ಗೊತ್ತಾಯ್ತು. ಆದರೆ ಕೌಂಟರಿನ ಕಂಪ್ಯೂಟರಿಗೆ ಕೈ ಇಲ್ಲವಲ್ಲ, ಮುಟ್ಟಿ ನೋಡೋಕೆ. ತಾರೀಕು ಮೀರಿದ್ದು ಅನ್ನುತ್ತೆ. ಚೀಲ ಬಿಚ್ಚಿಸಿದರೆ ಮೇಲಿನವರು ಕ್ಯಾಮೆರಾದಲ್ಲಿ ನೋಡ್ತಾರೆ. ಮೊದಲು ನಿಮ್ಮ ಕೆಲಸ ಹೋಗುತ್ತೆ, ಹಿಂದೆಯೇ ನಂದು."

"ಮಾರೋದು ಬೇಡ ಬಿಡಿ. ಕೆಲಸದವರಿಗಾದರೂ ಹಂಚೋಣ."

"ಹಂಚಿದರೆ ನಾಳೆಯಿಂದ ದಿನಾ ಮೆಷಿನ್ ತಪ್ಪುತ್ತೆ ಅಂತಾರೆ. ಸುರೀರಿ."

ಸುರಿಯುವುದೆಂದರೆ ಬರೀ ಎಸೆಯುವುದಲ್ಲ. ಹಿತ್ತಲಿನ ದೊಡ್ಡ ತೊಟ್ಟಿಗೆ ಹಾಕಿ, ಯಾರೂ ಎತ್ತಿ ತಿನ್ನದ ಹಾಗೆ ಮೇಲೆ ನೀಲಿ ಸೋಪಿನ ನೀರು ಹೊಯ್ಯಬೇಕು. ಅದಕ್ಕೂ ಮೊದಲು ಪುಸ್ತಕದಲ್ಲಿ ಕಾರಣ ಬರೆಯಬೇಕು. ಅಲ್ಲಿ ಅಚ್ಚು ಹಾಕಿಸಿದ ಕಾರಣಗಳೇ ನಾಲ್ಕು: ಹಳಸಿದ್ದು, ಬೂಷ್ಟು ಹಿಡಿದದ್ದು, ಒಡೆದದ್ದು, ತಾರೀಕು ಮೀರಿದ್ದು. ಅವಳು ಪೆನ್ನು ಹಿಡಿದು ನಾಲ್ಕನ್ನೂ ಎರಡೆರಡು ಸಲ ಓದಿದಳು. "ಯಾವುದಕ್ಕೆ ಗುರುತು ಹಾಕಲಿ, ಭಾವ?" ಅಂದಳು.

"ಐದನೇದು ನೀನೇ ಬರಿ. ನಿನ್ನೆ ಸತ್ತದ್ದು, ಇವತ್ತು ಹುಟ್ಟಿತು ಅಂತ."

ಅವಳು ನಾಲ್ಕನೆಯದಕ್ಕೇ ಗುರುತು ಹಾಕಿದಳು. ಮೂವರೂ ಟ್ರಾಲಿ ತಳ್ಳಿಕೊಂಡು ಹಿತ್ತಲಿಗೆ ಹೋದರು. ಚೀಲಗಳು ಒಂದೊಂದಾಗಿ ತೊಟ್ಟಿಗೆ ಬಿದ್ದವು. ಬ್ರೆಡ್ಡಿನ ಘಮ ಓಣಿಗೆಲ್ಲ ಹರಡಿ, ಎದುರು ಮನೆಯ ಕಿಟಕಿಯೊಂದು ತೆರೆಯಿತು. ಸೋಪಿನ ನೀರಿನ ಬಕೆಟ್ಟನ್ನು ಮುಟ್ಟಲು ಮಾತ್ರ ಭಾವ ಒಪ್ಪಲಿಲ್ಲ. "ಬೆಳಗಿನ ಜಾವದಿಂದ ನಾದಿದ ಕೈ ಇದು. ಬೇಕಾದರೆ ಇವತ್ತೇ ಮನೆಗೆ ಕಳಿಸಿ" ಅಂದು ಕೈ ಕಟ್ಟಿ ನಿಂತುಬಿಟ್ಟ. ಅವಳೂ ಒಂದು ಹೆಜ್ಜೆ ಹಿಂದೆ ಸರಿದಳು. ತಪ್ಪು ತನ್ನದೇ, ಆದರೂ ಆಗಲಿಲ್ಲ.

ಮೇಡಂ ಒಂದು ಗಳಿಗೆ ಇಬ್ಬರ ಮುಖವನ್ನೂ ನೋಡಿದಳು. ಬೆಳಿಗ್ಗೆ ಏನೂ ತಿಂದು ಬಂದಿರಲಿಲ್ಲವೋ ಏನೋ, ಮೇಲೆಯೇ ಇದ್ದ, ಆಗಲೇ ಬಿಚ್ಚಿದ ಚೀಲದ ಬ್ರೆಡ್ಡಿನಿಂದ ದೊಡ್ಡ ತುಂಡೊಂದನ್ನು ಮುರಿದು ಬಾಯಿಗಿಟ್ಟುಕೊಂಡಳು. ಅಗಿಯುತ್ತಲೇ ಬಕೆಟ್ ಎತ್ತಿದಳು.

"ಚೆನ್ನಾಗಿದೆ" ಅಂದಳು ಬಾಯಿ ತುಂಬಿಕೊಂಡೇ, ಮತ್ತು ಸುರಿದಳು.