ಮೊದಲು ಕರೆದದ್ದು ಯಾರು

ಹತ್ತು ದಿನ ಶಾಲೆಗೆ ಬಾರದಿದ್ದ ಹುಡುಗಿ ಅಂದು ತಂದೆಯ ಕೈ ಹಿಡಿದುಕೊಂಡು ಬಂದಳು. ಎರಡೂ ಕೆನ್ನೆಗಳ ಮೇಲೆ ಗಾಯ ಒಣಗಿ ಹಕ್ಕಳೆ ಕಟ್ಟಿತ್ತು.

"ಹಿಮ್ಮಡಿ ಉಜ್ಜೋ ಕಲ್ಲು ತಗೊಂಡು ಮುಖ ಉಜ್ಕೊಂಡಿದ್ದಾಳೆ ಮಿಸ್," ಎಂದ ತಂದೆ. "ಎಲ್ಲರೂ ಕರಿ, ಕರಿ ಅಂತಾರಂತೆ. ಇವತ್ತೂ ಅಂದ್ರೆ ಇನ್ನು ಸ್ಕೂಲಿಗೇ ಬರಲ್ಲ ಅಂತಿದ್ದಾಳೆ."

ಶಿಕ್ಷಕಿಯ ಕಣ್ಣು ತುಂಬಿಬಂತು. "ನೀವು ಧೈರ್ಯವಾಗಿ ಹೋಗಿ. ಇವಳು ನನ್ನ ಮಗಳಿದ್ದ ಹಾಗೆ" ಎಂದರು.

ತರಗತಿಯಲ್ಲಿ ಅವಳನ್ನು ತಮ್ಮ ಪಕ್ಕದಲ್ಲೇ ನಿಲ್ಲಿಸಿಕೊಂಡರು.

"ನೋಡಿ ಈ ಮುಖಾನ. ಇವಳನ್ನ ಹಾಗೆ ಮೊದಲು ಕರೆದಿದ್ದು ಯಾರು?"

ಶಿಕ್ಷಕಿಯ ಕಣ್ಣು ಸಾಲು ಸಾಲಾಗಿ ಹೋಗಿ ಹಿಂದಿನ ಹುಡುಗನೊಬ್ಬನ ಮೇಲೆ ನಿಂತಿತು.

"ಏಯ್ ಕೊನೇ ಬೆಂಚು, ನೀನೇನೋ? ಇವಳನ್ನ ಕಂಡ್ರೆ ಕಾಗೆ ಥರ ಕೂಗ್ತೀಯಂತೆ?"

"ನಾನು ಆಮೇಲೆ ಮಿಸ್," ಎಂದ ಹುಡುಗ, ತಲೆ ತಗ್ಗಿಸಿ. "ಮೊದಲು ನಾನಲ್ಲ."

"ಮತ್ಯಾರು?"

ಮಕ್ಕಳೆಲ್ಲ ಡೆಸ್ಕನ್ನೇ ನೋಡುತ್ತಿದ್ದರು. ಒಬ್ಬರೂ ಶಿಕ್ಷಕಿಯ ಮುಖ ನೋಡಲಿಲ್ಲ.

"ಹೇಳ್ಬೇಡಿ, ಬಿಡಿ. ಆದ್ರೆ ಇನ್ಮೇಲೆ ಆ ಮಾತು ಯಾರ ಬಾಯಲ್ಲಾದ್ರೂ ಬಂದ್ರೆ ಟಿ.ಸಿ. ಕೊಟ್ಟು ಕಳಿಸ್ತೀನಿ. ಎಲ್ಲರೂ ಸಾರಿ ಕೇಳಿ."

ಇಡೀ ತರಗತಿ ಸಾರಿ ಎಂದಿತು. ಹುಡುಗಿ ಮೆಲ್ಲಗೆ ಹೋಗಿ ತನ್ನ ಜಾಗದಲ್ಲಿ ಕುಳಿತಳು. ಚೀಲವನ್ನು ಮಾತ್ರ ಹೆಗಲಿನಿಂದ ಇಳಿಸಲಿಲ್ಲ.

ಶಿಕ್ಷಕಿ ಕಣ್ಣೊರೆಸಿಕೊಂಡು ಹಾಜರಿ ಪುಸ್ತಕ ತೆರೆದರು. ಜೂನ್ ತಿಂಗಳಿಂದ ಕರೆದು ಕರೆದು ರೂಢಿಯಾದ ಹೆಸರುಗಳು ಒಂದರ ಹಿಂದೊಂದು ತಾವಾಗಿಯೇ ಬಂದವು.

"ಬಿಳಿ ಸಿಂಚನ."

"ಯೆಸ್ ಮಿಸ್."

"ಕರಿ ಸಿಂಚನ."