ಬಂಕರಿನ ಬೂದಿ

"ಜೀವ ಹೋಗುವಾಗ ನನ್ನ ಮಗನ ಹಣಿ ಬೋಳಿತ್ತೇನಪಾ?" ಎಂದು ಮುಡಬಿಯ ಗುರಮ್ಮ ಕೇಳಿದಳು. ಗಡಿಯಿಂದ ಬಂದ ಶವಪೆಟ್ಟಿಗೆಯನ್ನು ಯಾರೂ ತೆರೆಯಗೊಟ್ಟಿರಲಿಲ್ಲ. ವಿಭೂತಿಯಿಲ್ಲದೆ ಮಗ ಶಿವನ ಬಳಿ ಹೋದನೇನೋ ಎಂಬುದೇ ಆಕೆಯ ಕೊರಗು.

ಆಕೆಯ ಮಗ ವೈಜಿನಾಥನ ಪಕ್ಕದಲ್ಲೇ ಕಾದಾಡಿದ್ದ ಹುಮನಾಬಾದಿನ ಒವೈಸ್ ತಲೆ ತಗ್ಗಿಸಿದ. "ಅವ್ವಾ, ಅವನ ವಿಭೂತಿ ಗಟ್ಟಿ ರಕ್ತದಾಗ ಕರಗಿತ್ತರಿ. ಬಂಕರಿನ ಒಲಿ ಬೂದಿ ತಗೊಂಡು ನಾನೇ ಹಚ್ಚಿದೆ. ತಪ್ಪಾಗಿದ್ರ ಮಾಫ್ ಮಾಡ್ರಿ."

"ಮೂರೂ ಬಟ್ಟಿಲೆ ಗೆರಿ ಎಳದೇನು?"

"ಹೌದ್ರಿ. ಅಂವ ದಿನಾ ಹಚ್ಚಿಕೊಳ್ಳೋದು ನೋಡ್ತಿದ್ನಲ್ಲ. ಇನ್ನಾ ಉಸಿರಿತ್ತರಿ. 'ಸೊಟ್ಟ ಹಚ್ಚಬ್ಯಾಡಲೇ' ಅಂತ ನಕ್ಕ."

ಗುರಮ್ಮ ಅವನ ಬಲಗೈಯನ್ನು ಎಳೆದುಕೊಂಡಳು. ಗುರುವಿನ ಪಾದಕ್ಕೆ ಹಚ್ಚುವಂತೆ ತನ್ನ ಹಣೆಯನ್ನು ಆ ಬೆರಳುಗಳಿಗೆ ಹಚ್ಚಿದಳು.