ಒಂದೇ ತಿರುಪಿಗೆ ಎರಡು ತಂತಿ

ಸುಟ್ಟ ಆಂಪ್ಲಿಫೈಯರ್‌ನ ಹಿಂಬದಿಯಲ್ಲಿ ಒಂದೇ ತಿರುಪಿಗೆ ಬಿಗಿದಿದ್ದ ಎರಡು ಸ್ಪೀಕರ್‌ಗಳ ತಂತಿಗಳನ್ನು ರಿಪೇರಿ ಅಂಗಡಿಯ ಶಿವಪ್ರಕಾಶ ಇಕ್ಕಳದಿಂದ ಎತ್ತಿ ತೋರಿಸಿದ. "ಯಾರ್ರಿ ಹಿಂಗ ಜೋಡಿಸಿದವರು?"

ಸತ್ಯಬೋಧ ಮಾಸ್ತರರು ಅಂಗಡಿಯ ಹೊರಗೆ, ಬಾದಾಮಿಯ ಬಸ್ಸುಗಳ ಕಡೆ ನೋಡಿದರು. ಜೋಡಿಸಿದ್ದು ಅವರೇ. ಸುಟ್ಟ ವಾಸನೆ ಬಂದಾಗ ಮಾತ್ರ ಹೆಂಡತಿಯ ಮೇಲೆ ಹರಿಹಾಯ್ದಿದ್ದರು: "ಹಾಡು ಅಷ್ಟು ಜೋರು ಹಚ್ಚಿದ್ರ ಇನ್ನೇನಾಗ್ತದ?" ಪಾಪ, ಸಂಪದಾ ಆಂಪ್ಲಿಫೈಯರನ್ನು ಮಡಿಲ ಮೇಲಿಟ್ಟುಕೊಂಡು ಆಟೊದಲ್ಲಿ ದಾರಿಯುದ್ದಕ್ಕೂ "ನಂದ ತಪ್ಪಾತ್ರಿ" ಎನ್ನುತ್ತಲೇ ಬಂದಿದ್ದಳು.

"ಇದಕ್ಕ ಎಂಟು ಓಮ್‌ಕಿಂತ ಕಡಿಮಿ ರೋಧ ನಡಿಯೂದಿಲ್ಲ. ನಾಲ್ಕು ಓಮಿನ ಎರಡು ಸ್ಪೀಕರ್ ಹಿಂಗ ಪ್ಯಾರಲಲ್ ಕೂಡಿಸಿದ್ರ ಎರಡೇ ಉಳೀತದ, ಸುಡ್ತದ. ಹತ್ತನೇ ಕ್ಲಾಸಿನ್ಯಾಗ ನೀವೇ ಕಲಿಸಿದ್ರಲ್ಲಾ, ಸರ್!"

ಸಂಪದಾ ತಂತಿಗಳನ್ನು ನೋಡಿದಳು. ಗಂಡನ ಮುಖ ನೋಡಿದಳು. ಎಲ್ಲ ತಿಳಿಯಿತು. "ನಾನ ಜೋಡಿಸಿದ್ದಪಾ," ಎಂದಳು.

"ಅಕ್ಕಾರ, ಮನ್ಯಾಗ ಸೈನ್ಸ್ ಸರ್ ಇದ್ದಾರ. ಒಂದು ಮಾತು ಕೇಳಬಾರದೇನ್ರಿ?" ಶಿವಪ್ರಕಾಶ ನಕ್ಕ.

ಈಗಲಾದರೂ ಖರೆ ಹೇಳಿಬಿಡಬೇಕೆಂದು ಮಾಸ್ತರರು ಬಾಯಿ ತೆರೆದರು. "ಹೇಳಿದ್ರ ಎಲ್ಲಿ ಕೇಳ್ತಾಳಪಾ," ಎಂಬ ಮಾತು ಹೊರಬಿತ್ತು. ಸಂಪದಾ ಆಗಲೂ ತಲೆಯಾಡಿಸಿದಳು. ಅವರಿಗೆ ಮತ್ತೆ ಅವಳ ಕಡೆ ತಿರುಗುವುದಾಗಲಿಲ್ಲ.